ಅಪ್‌ಡೇಟ್: ತಳದಲ್ಲಿ ತೂತಿದ್ದ ಮರದ ಬಟ್ಟಲು ಏನೆಂದು ಗೊತ್ತಾಯಿತು
ಅಟ್ಟದ ಮೇಲೆ ಸಿಕ್ಕ, ತಳದಲ್ಲಿ 4 ತೂತಿರುವ ಮರದ ಬಟ್ಟಲಿನ ಫೋಟೊ ಹಾಕಿ ಏನಿದು ಅಂತ ಕೇಳಿದ್ದೆ. ಶ್ಯಾವಿಗೆ ಒರಳು, ಜರಡಿ ಎಂದೆಲ್ಲ ಉತ್ತರ ಬಂದವು. ಅದು ಕೂರಿಗೆ ಬಟ್ಟಲು, ಅಂದರೆ ಎತ್ತು ಎಳೆಯುವ ಬಿತ್ತನೆ ಸಾಧನವಾದ ಕೂರಿಗೆಯಲ್ಲಿ ಬೀಜ ಹಾಕುವ ಬಟ್ಟಲು.

ಗುರುತು ಸಿಕ್ಕಿದ್ದು ತೂತುಗಳಿಂದಲೇ. ಶ್ಯಾವಿಗೆ ಒರಳಿನ ಬಿಲ್ಲೆಯಲ್ಲಿ ಸಣ್ಣ ಸಣ್ಣ ತೂತು ಹತ್ತಾರು ಇರುತ್ತವೆ. ಇಲ್ಲಿರುವವು ಹೆಬ್ಬೆರಳು ತೂರುವಷ್ಟು ದೊಡ್ಡವು, ಒಳಗಿಂದ ಹೊರಕ್ಕೆ ಓರೆಯಾಗಿ ಕೊರೆದವು. ಒಂದೊಂದು ತೂತಿಗೂ ಒಂದು ಬಿದಿರ ಕೊಳವೆ, ಅದರ ತುದಿ ತಾಳಿನ (ನೆಲದಲ್ಲಿ ಸಾಲು ಸೀಳುವ ಹಲ್ಲಿನ) ಹಿಂದೆ. ಹಾಗಾಗಿ ಇದು ನಾಲ್ಕು ತಾಳಿನ ಕೂರಿಗೆಯದು. ಟಾರ್ಚ್ ಬಿಟ್ಟು ನೋಡಿದರೆ ಒಂದು ತೂತಿನಲ್ಲಿ ಬಿದಿರ ಚೂರು ಇನ್ನೂ ಕಚ್ಚಿಕೊಂಡಿದೆ, ಅದನ್ನು ಕೀಳುವುದಿಲ್ಲ.

ಬೀಜ ಸಮನಾಗಿ ಬೀಳುವುದು ಬಿತ್ತುವವರ ಬೆರಳಿನ ಕೆಲಸ, ಮುಷ್ಟಿಯಿಂದ ಸ್ವಲ್ಪ ಸ್ವಲ್ಪವೇ ಸಡಿಲ ಬಿಡಬೇಕು. ಹಸಿ ಮಣ್ಣು ಕೊಳವೆಯ ಬಾಯಿಗೆ ಮೆತ್ತಿದರೆ ಆ ಸಾಲು ಖಾಲಿ. ಗೊತ್ತಾಗುವುದು ಮೊಳಕೆ ಬಂದ ಮೇಲೆಯೇ!

ತೊಳೆಯಬೇಡಿ ಎಂದವರ ಮಾತು ಸರಿ: ಹಳೇ ಮರ ನೆನೆದು ಒಣಗಿದರೆ ಸೀಳುತ್ತದೆ. ಒಣ ಬ್ರಷ್ ಆಡಿಸಿ, ಅಗಸೆ ಎಣ್ಣೆ ತೆಳ್ಳಗೆ ಒಂದು ಕೈ ಹಚ್ಚಿದರೆ ಸಾಕು. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.