ಹಳೇ ಬ್ಯಾಂಡ್ ಹಾಕಿದರೆ ಈಗ ಬೇಸ್ ಇಲ್ಲದ್ದೇ ಕೇಳಿಸುತ್ತೆ. ಗೆಳೆಯರಿಗೆ ಹೇಗೆ ಹೇಳಲಿ?

ಹಳೇ ಕ್ಯಾಸೆಟ್, ಬನಶಂಕರಿ:

ವಿಷಯ ಸಣ್ಣದು, ನಗಬೇಡಿ.

ನಾವು ನಾಲ್ಕು ಜನ ಕಾಲೇಜ್ ಗೆಳೆಯರು ಪ್ರತಿ ವರ್ಷ ಅಕ್ಟೋಬರ್ 30ಕ್ಕೆ ಒಬ್ಬನ ಮನೆ ಟೆರೇಸ್ ಮೇಲೆ ಸೇರುತ್ತೇವೆ. 2011ರಲ್ಲಿ ಅದೇ ದಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿತ್ತು. ಎರಡು ದಿನ ಮುಂಚೆ ದೆಹಲಿ ಪಕ್ಕ ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಶೋ ರದ್ದಾಗಿತ್ತು. ಹಾಗಾಗಿ ಇಲ್ಲಿ ಅವರು ಸ್ಟೇಜ್ ಮೇಲೆ ಬರುವವರೆಗೂ ನಮಗೆ ನಂಬಿಕೆ ಇರಲಿಲ್ಲ. ಮುಗಿದ ಮೇಲೆ ಮೇಖ್ರಿ ಸರ್ಕಲ್‌ವರೆಗೆ ನಡೆದು ಬಂದೆವು. ನಾಲ್ವರಿಗೂ ಗಂಟಲು ಹೋಗಿತ್ತು. ಆಟೋದವನ ಹತ್ತಿರ ಚೌಕಾಸಿ ಮಾಡಲೂ ದನಿ ಇಲ್ಲ, ಕೇಳಿದಷ್ಟು ಕೊಟ್ಟು ಬನಶಂಕರಿಗೆ ಬಂದೆವು.

ಆ ರಾತ್ರಿಯ ನೆನಪಿಗೆ ಟೆರೇಸ್ ಮೇಲೆ ಒಂದು ಆಲ್ಬಂ ಪೂರ್ತಿ ಕೇಳುವುದು ನಮ್ಮ ಪದ್ಧತಿ. ಅದು ಅವರದೇ 1988ರ 'ಆಂಡ್ ಜಸ್ಟಿಸ್ ಫಾರ್ ಆಲ್'. ನಾನು ಬ್ರಿಗೇಡ್ ರೋಡ್‌ನಲ್ಲಿ 125 ರೂಪಾಯಿ ಕೊಟ್ಟು ತಂದ ಮೊದಲ ಇಂಗ್ಲಿಷ್ ಕ್ಯಾಸೆಟ್. ಆಗ ಪಿಯುಸಿ. ಬಸ್ ಪಾಸ್ ಇದ್ದದ್ದಕ್ಕೆ ಊಟದ ದುಡ್ಡು ಉಳಿಸಲು ಆಯಿತು, ಇಲ್ಲದಿದ್ದರೆ ಅದೂ ಇಲ್ಲ.

ಈಗ ಕಷ್ಟ ಏನೆಂದರೆ, ಆ ಆಲ್ಬಂ ನನಗೆ ಕೇಳಲಾಗುತ್ತಿಲ್ಲ.

ಕಾರಣ ನನ್ನ ಮಗನ ಮೃದಂಗ. ಎರಡು ವರ್ಷದಿಂದ ಜಯನಗರದಲ್ಲಿ ಕಲಿಯುತ್ತಿದ್ದಾನೆ. ಅವನಿಗೆ ಹತ್ತು ವರ್ಷ, ಹಾಗಾಗಿ ರವೆ ಕಲಸುವ ಕೆಲಸ ನನ್ನದು. ಗೊತ್ತಿಲ್ಲದವರಿಗೆ: ಮೃದಂಗದ ಬಲಗಡೆ ಕರಣೆ, ಅಂದರೆ ಮಧ್ಯದ ಕಪ್ಪು ಬಿಲ್ಲೆ, ಕಾಯಂ ಆಗಿ ಇರುತ್ತೆ. ಎಡಗಡೆ ಏನೂ ಇರಲ್ಲ. ನುಡಿಸುವ ಮುಂಚೆ ಒದ್ದೆ ರವೆಯ ಬಿಲ್ಲೆ ಮೆತ್ತಬೇಕು, ಮುಗಿದ ಮೇಲೆ ಕೆರೆದು ತೆಗೆಯಬೇಕು. ನೀರು ಜಾಸ್ತಿ ಆದರೆ ಜಾರುತ್ತೆ, ಕಮ್ಮಿ ಆದರೆ ಹಿಡಿಯಲ್ಲ. ಮೊದಲು ನೆಲ್ಲಿಕಾಯಿ ಗಾತ್ರ ಮೆತ್ತಿ ಒಂದು ಸಲ ತಟ್ಟುವುದು. ಡಬ್ಬ ಬಡಿದ ಹಾಗೆ ಕೇಳಿಸುತ್ತೆ. ಇನ್ನೊಂದು ಚೂರು ಮೆತ್ತಿ, ತಟ್ಟಿ, ಕಿವಿ ಕೊಡುವುದು. ಹೀಗೆ ಮೆತ್ತುತ್ತಾ ಮೆತ್ತುತ್ತಾ ಒಂದು ಹೊತ್ತಲ್ಲಿ 'ಗುಂ' ಅಂತ ಹೊಟ್ಟೆಯೊಳಗಿಂದ ಬರುತ್ತೆ ನೋಡಿ, ಆಗ ಮೇಷ್ಟ್ರು ನನ್ನ ಕಡೆ ನೋಡದೆ ತಲೆ ಆಡಿಸುತ್ತಾರೆ. ಆಫೀಸ್‌ನಲ್ಲಿ ಪ್ರಮೋಷನ್ ಸಿಕ್ಕಾಗಲೂ ಅಷ್ಟು ಖುಷಿ ಆಗಿಲ್ಲ.

ಎರಡು ವರ್ಷ ಇದೇ ಕೆಲಸ ಮಾಡಿ ನನ್ನ ಕಿವಿ ಕೆಳಗಿನ ದನಿಗೆ ಬಿದ್ದುಬಿಟ್ಟಿದೆ. ಹೋದ ವರ್ಷ ಟೆರೇಸ್ ಮೇಲೆ ಆ ಆಲ್ಬಂ ಹಾಕಿದಾಗ ಮೊದಲ ಸಲ ಗೊತ್ತಾಯಿತು, ಅದರಲ್ಲಿ ಆ ಕೆಳಗಿನ ದನಿ ಕೊಡುವ ಬೇಸ್ ಗಿಟಾರ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ರವೆ ಮೆತ್ತದ ಮೃದಂಗ. ಒಂದು ಸಲ ಹಾಗೆ ಕೇಳಿಸಿದ ಮೇಲೆ ಮುಗಿಯಿತು. ಒಂದು ಗಂಟೆಗೂ ಮೇಲಿರುವ ಆಲ್ಬಂ, ನಾನು ಪೂರ್ತಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದೆ.

ಈ ಸಲ ಹೋಗಬೇಕಾ? ಹೋದರೆ ಹೇಳಬೇಕಾ? ಆ ಮೂವರಿಗೆ ಅದು ಸುಮ್ನೆ ಹಾಡಲ್ಲ.

ಕೆಳಗಿನ ತಂತಿ:

ಸಾರ್, ನಾನು ಬೇಸ್ ನುಡಿಸುವವನು. ವಾರಕ್ಕೆ ಎರಡು ರಾತ್ರಿ ಪಬ್‌ನಲ್ಲಿ. 'ಬೇಸ್ ಕೇಳಿಸುತ್ತಿಲ್ಲ' ಅಂತ ಈ ಊರಲ್ಲಿ ಒಬ್ಬರಾದರೂ ಬೇಜಾರು ಮಾಡಿಕೊಂಡರಲ್ಲ, ಕಣ್ಣಲ್ಲಿ ನೀರು ಬಂತು.

ನಿಮ್ಮ ಕಿವಿ ಸರಿಯಾಗಿಯೇ ಇದೆ. ಅವರ ಮೊದಲಿನ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ಹೋದ. ಅವನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ. ಅವನು ಈ ಬ್ಯಾಂಡ್ ಜೊತೆ ಮಾಡಿದ ಮೊದಲ ಪೂರ್ತಿ ಆಲ್ಬಂ ಇದೇ. ಅದರಲ್ಲೇ ಅವನ ದನಿ ಅಡಗಿಸಿದರು. ಮಿಕ್ಸ್ ಮಾಡಿದವರನ್ನು, ಅಂದರೆ ಯಾವ ವಾದ್ಯ ಎಷ್ಟು ಕೇಳಿಸಬೇಕು ಅಂತ ಹದ ಮಾಡಿದವರನ್ನು, ಜನ ಬೈದರು. ಬ್ಯಾಂಡಿನವರೇ ಬೇಸ್ ಇಳಿಸಿ ಅಂದರು ಅಂತ ಅವರು ಆಮೇಲೆ ಹೇಳಿದ್ದಾರೆ. ಅದೂ ಅಲ್ಲದೆ ಗಿಟಾರ್ ಏನು ಹೊಡೆಯುತ್ತೋ ಬೇಸ್ ಬಹಳ ಕಡೆ ಅದನ್ನೇ ಹೊಡೆಯುತ್ತೆ. ಜೊತೆಗೆ ನಡೆಯುವ ನೆರಳು ಕಣ್ಣಿಗೆ ಬೀಳಲ್ಲ ಅಲ್ವಾ, ಹಾಗೆ.

ಅಭಿಮಾನಿಗಳೇ ಬೇಸ್ ಎತ್ತಿ ಮಾಡಿದ ಪ್ರತಿಗಳು ಯೂಟ್ಯೂಬ್‌ನಲ್ಲಿವೆ. ಒಂದು ಸಲ ಹಾಕಿ ನೋಡಿ.

ಟೂ ಇನ್ ಒನ್:

125 ರೂಪಾಯಿ ಕ್ಯಾಸೆಟ್, ಮನೆಯಲ್ಲಿ ಅಂಗೈ ಅಗಲದ ಸ್ಪೀಕರ್. ಆಗ ಯಾವ ಹಾಡಲ್ಲಿ ಗುರು ಬೇಸ್ ಕೇಳಿಸುತ್ತಿತ್ತು? ನಮಗೆ ಎಲ್ಲಾ ಆಲ್ಬಮ್ಮೂ ರವೆ ಇಲ್ಲದ ಮೃದಂಗವೇ. ನಿನ್ನ ಟೇಸ್ಟ್ ಬದಲಾಗಿಲ್ಲ, ಸ್ಪೀಕರ್ ಬದಲಾಗಿದೆ.

ಎಂಟನೇ ಕ್ರಾಸ್ ಅಜ್ಜಿ, ಮಲ್ಲೇಶ್ವರಂ:

ಮೆಟಾಲಿಕಾ ನನಗೆ ಗೊತ್ತಿಲ್ಲಪ್ಪ. ಆದರೆ ಅದೇ ಅರಮನೆ ಮೈದಾನಕ್ಕೆ ನಾನೂ ಹೋಗಿದ್ದೆ. 2005ರಲ್ಲಿ, ಸಿ. ಅಶ್ವಥ್ ಅವರ 'ಕನ್ನಡವೇ ಸತ್ಯ'ಕ್ಕೆ. ಏನು ಜನ! ನನ್ನ ತಂಗಿಯೂ ನಾನೂ ಸೆರಗು ಸೆರಗು ಹಿಡಿದುಕೊಂಡು ಕೂತಿದ್ದೆವು. ಅವರು ಷರೀಫರ ಪದ ಎತ್ತಿದರೆ ಎದೆ ಝಲ್ ಅನ್ನುತ್ತಿತ್ತು.

ಅರವತ್ತು ದಾಟಿದ ಮೇಲೆ ನನಗೆ ಆ ಏರು ದನಿ ಸಾಕಾಯಿತು. ಮೈಸೂರು ಅನಂತಸ್ವಾಮಿ ಅವರ ಹಾಡಿಕೆ ಹಿಡಿಸಿತು. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಿದ್ದರು. ಇದನ್ನು ಬಾಯಿ ತಪ್ಪಿ ತಂಗಿಗೆ ಹೇಳಿದೆ. 'ಹಾಗಾದರೆ ಅವತ್ತು ಅತ್ತಿದ್ದು ಸುಳ್ಳಾ?' ಅಂದಳು. ಒಂದು ವಾರ ಫೋನ್ ಇಲ್ಲ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದಾಗಲೂ ಮುಖ ಹಾಗೇ ಇತ್ತು.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಕಿವಿಯ ವಿಷಯ ನಾನು ಹೇಳಿದೆ, ಅವಳಿಗೆ ತನ್ನ ಅಳುವಿನ ವಿಷಯ ಅನ್ನಿಸಿತು. ನೀನು ಹೋಗು. ಹೇಳುವುದಾದರೆ ಊಟ ಆದ ಮೇಲೆ ಹೇಳು.

ಹಳೇ ಕ್ಯಾಸೆಟ್, ಬನಶಂಕರಿ:

ಟೂ ಇನ್ ಒನ್ ಅವರೇ, ಅರ್ಧ ಒಪ್ಪಿದೆ. ಆದರೆ ಐರನ್ ಮೇಡನ್ ಕ್ಯಾಸೆಟ್‌ನಲ್ಲಿ, ಅದೇ ಸ್ಪೀಕರ್‌ನಲ್ಲೂ ಬೇಸ್ ಕುದುರೆ ಓಡಿದ ಹಾಗೆ ಕೇಳಿಸುತ್ತಿತ್ತು. ಆ ಬ್ಯಾಂಡ್ ಕಟ್ಟಿದ ಸ್ಟೀವ್ ಹ್ಯಾರಿಸ್ ಬೇಸ್ ವಾದಕನೇ, ಅವನನ್ನು ಯಾರು ಅಡಗಿಸುತ್ತಾರೆ? 2007ರ ಮಾರ್ಚ್‌ನಲ್ಲಿ ಅವರು ಇಲ್ಲಿಗೆ ಬಂದಾಗಲೂ ನಾವು ನಾಲ್ವರೂ ಹೋಗಿದ್ದೆವು. ಅವರನ್ನು ಈಗಲೂ ಕೇಳುತ್ತೇನೆ.

ಅಜ್ಜಿ, ನಮಸ್ಕಾರ. ಊಟ ಆದ ಮೇಲೆಯೇ ಹೇಳುತ್ತೇನೆ.

ಹಳೇ ಕ್ಯಾಸೆಟ್, ಬನಶಂಕರಿ (ನವೆಂಬರ್ 1):

ಹೋಗಿ ಬಂದೆ. ಊಟದವರೆಗೆ ತಡೆಯಲಾಗಲಿಲ್ಲ, ಎರಡನೇ ಹಾಡಿಗೇ ಹೇಳಿಬಿಟ್ಟೆ. ಮನೆಯವನು ಫೋನ್ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕಿವಿ ಕೊಟ್ಟ. 'ಹೂಂ ಮಗಾ, ಬೇಸ್ ಇಲ್ಲ. ನನಗೆ ಯಾವತ್ತೂ ಬೇಕು ಅಂತಾನೂ ಅನ್ನಿಸಲಿಲ್ಲ' ಅಂದ. ಇನ್ನೊಬ್ಬ ಮಾತ್ರ ಮುಖ ಗಂಟು ಹಾಕಿಕೊಂಡು, 'ನೀನು ಭಜನೆಗೆ ಹೋಗು' ಅಂದ. ಅವನು ಇನ್ನೂ ಸರಿಹೋಗಿಲ್ಲ.

ಕೆಳಗಿನ ತಂತಿ ಹೇಳಿದ ಬೇಸ್ ಎತ್ತಿದ ಪ್ರತಿಯನ್ನು ಹುಡುಕಿ ದೊಡ್ಡ ಸ್ಪೀಕರ್‌ಗೆ ಹಾಕಿದೆವು. ನೀರಿನ ಟ್ಯಾಂಕ್ ಮುಚ್ಚಳ ಗಡಗಡ ಅಂತು. ನನಗೆ ಮೈ ಜುಮ್ ಅಂದಿದ್ದು ನಿಜ, 2011ರ ಹಾಗೆ ಅಲ್ಲದಿದ್ದರೂ.

ಮೂರನೇ ನಿಮಿಷಕ್ಕೆ ಪಕ್ಕದ ಮನೆ ಅಂಕಲ್ ಮೆಟ್ಟಿಲು ಹತ್ತಿ ಬಂದರು. 'ಹಾಡು ಬೇಕಾದರೆ ಹಾಕಿಕೊಳ್ಳಿ, ಬೇಡ ಅನ್ನಲ್ಲ. ಆ ಗುಂ ಗುಂ ಒಂದು ಕಮ್ಮಿ ಮಾಡಿ, ಗೋಡೆ ಅದುರುತ್ತೆ' ಅಂದರು.