ಅರ್ಜುನ ಆನೆ ವಿಷ್ಯದಲ್ಲಿ ನಾವು ಮಾಡಿದ್ದು ಸರೀನಾ?

ಪ್ರಶ್ನೆ: 60 ದಾಟ್ತು ಅಂತ ದಸರಾ ಅಂಬಾರಿ ಹೊರೋದ್ರಿಂದ ಬಿಡಿಸಿದ್ರು, ಆದ್ರೆ ಅದೇ ಅರ್ಜುನನ್ನ 2023ರ ಡಿಸೆಂಬರಲ್ಲಿ ಸಕಲೇಶಪುರದ ಕಾಡಲ್ಲಿ ಕಾಡಾನೆ ಹಿಡಿಯೋಕೆ ಕರ್ಕೊಂಡ್ಹೋದ್ರು, ಮದ ಬಂದ ಸಲಗದ ಜೊತೆ ಕಾದಾಡಿ ಅಲ್ಲೇ ಸತ್ತೋದ. ಮನುಷ್ಯರಿಗೆ ರಿಟೈರ್ಮೆಂಟ್ ಇದೆ, ಪ್ರಾಣಿಗ್ಯಾಕಿಲ್ಲ?

ಉತ್ತರ 1: ನಮ್ದು ಆಲೂರು ಕಡೆ ಸಾರ್, ಬೆಳಿಗ್ಗೆ ತೋಟಕ್ಕೆ ಹೋದೋರು ಸಂಜೆ ವಾಪಸ್ ಬರ್ತಾರೋ ಇಲ್ವೋ ಅನ್ನೋ ಭಯದಲ್ಲೇ ಬದುಕ್ತಿದೀವಿ, ಪಳಗಿದ ಆನೆ ಇಲ್ದೆ ಪುಂಡಾನೆ ಹಿಡಿಯೋದು ಕಷ್ಟ. ಆದ್ರೆ ಆ ವಯಸ್ಸಲ್ಲಿ ಅವನನ್ನ ಕರ್ಕೊಂಡ್ಹೋಗ್ಬಾರ್ದಿತ್ತು.

ಉತ್ತರ 2: ಮಾವುತ ಎದ್ದೇಳು ಅಂತ ಗೋಳಾಡಿದ ವಿಡಿಯೋ ನೋಡಿದ್ರಾ, ಕರುಳು ಕಿತ್ತು ಬಂತು. ಒಲ್ಲೆ ಅನ್ನೋಕೆ ಆನೆಗೆ ಬಾಯಿಲ್ಲ, ಅದರ ಪರವಾಗಿ ಬೇಡ ಅನ್ನೋ ಅಧಿಕಾರ ಮಾವುತನಿಗೂ ಡಾಕ್ಟ್ರಿಗೂ ಕೊಡ್ಲಿ.

ಉತ್ತರ 3: ಬಾಯಿಮಾತಲ್ಲಿ ಸಾಲ್ದು, ರೂಲ್ಸಲ್ಲೇ ಬರೀಬೇಕು.