ಕಾರಿನ ಹೊರಗೆ ಸ್ಪೇರ್ ಕೀ ಎಲ್ಲಿಡೋದು? ಕೀ ಮೇಸ್ತ್ರಿಯವರಿಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಕಾರಿನ ಕೀ, ಲಾಕ್ ಕೆಲಸವನ್ನೇ ಕಸುಬು ಮಾಡಿಕೊಂಡಿರುವ ಮೇಸ್ತ್ರಿಯವರು ಇವತ್ತು ನಮ್ಮ ಜೊತೆ ಇದ್ದಾರೆ. ವಿಷಯ ಒಂದೇ, ಗಾಡಿಯ ಹೊರಗಡೆ ಸ್ಪೇರ್ ಕೀ ಬಚ್ಚಿಡುವುದು. ನಿಮ್ಮದು ಯಾವ ಥರದ ಕೀ ಅಂತ ಮರೆಯದೆ ಬರೆಯಿರಿ.

ಬೆಳಗಿನ ಓಟ: ನಮಸ್ಕಾರ ಸರ್. ಓಡಲು ಹೋಗುವಾಗ ಕೀ ಗೊಂಚಲು ಇಟ್ಟುಕೊಳ್ಳೋಕೆ ಆಗಲ್ಲ. ಮ್ಯಾಗ್ನೆಟ್ ಡಬ್ಬಿಯಲ್ಲಿ ಒಂದು ಕೀ ಹಾಕಿ ಚಕ್ರದ ಮೇಲ್ಗಡೆ ಒಳಗೆ ಅಂಟಿಸಬಹುದಾ? ಮಾಮೂಲಿ ಕೀ, ರಿಮೋಟ್ ಇಲ್ಲ.

ಕೀ ಮೇಸ್ತ್ರಿ: ನಮಸ್ಕಾರ. ಚಕ್ರದ ಮೇಲೆ ಬೇಡ. ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿಗೆ. ಈಗಿನ ಕಾರುಗಳಲ್ಲಿ ಅಲ್ಲಿ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಭಾಗಗಳ ಮೇಲೂ ಹಿಡಿಯುವುದಿಲ್ಲ. ಕಬ್ಬಿಣ ಸಿಕ್ಕರೂ ಅದರ ಮೇಲೆ ದಪ್ಪ ಕೋಟಿಂಗ್ ಇದ್ದರೆ ಹಿಡಿತ ಸಡಿಲ, ದೊಡ್ಡ ಗುಂಡಿ ಬಂದರೆ ಡಬ್ಬಿ ರಸ್ತೆ ಪಾಲು. ನೀವು ಚಿಪ್ ಇಲ್ಲದ ಬರೀ ಲೋಹದ ಕಾಪಿ ಮಾಡಿಸಿ ನಂಬರ್ ಪ್ಲೇಟ್ ಹಿಂದೆ ಜಿಪ್ ಟೈ ಹಾಕಿ ಕಟ್ಟಿ. ಅಲುಗಾಡಿ ಸದ್ದು ಮಾಡದ ಹಾಗೆ ಟೇಪ್ ಸುತ್ತಿ. ಇಮ್ಮೊಬಿಲೈಸರ್ (ಕೀಯ ಚಿಪ್ ಗುರುತಿಸದಿದ್ದರೆ ಎಂಜಿನ್ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಅದರಿಂದ ಬಾಗಿಲು ತೆಗೆಯಬಹುದು, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಹೊರಗಿಡುವ ಕೀ ಅಷ್ಟೇ ಮಾಡಬೇಕು. ನಿಮ್ಮ ಅಸಲಿ ಕೀ ಒಂದನ್ನೇ ಗೊಂಚಲಿನಿಂದ ತೆಗೆದು ಶೂ ಲೇಸಿಗೆ ಕಟ್ಟಿಕೊಂಡರೆ ಇದೂ ಬೇಕಾಗಲ್ಲ.

ಲಾಂಗ್ ಡ್ರೈವ್: ಸೈಲೆನ್ಸರ್ ಹತ್ತಿರ ಇಟ್ಟರೆ? ಬಿಸಿ ಇರುವುದರಿಂದ ಯಾರೂ ಕೈ ಹಾಕಲ್ಲ ಅಲ್ವಾ?

ಕೀ ಮೇಸ್ತ್ರಿ: ಬೇಡ. ಡಬ್ಬಿಗಳಲ್ಲಿ ಬರುವ ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಕೀಯ ಪ್ಲಾಸ್ಟಿಕ್ ಕರಗುತ್ತದೆ.

ನೀಲಿ ಕಾರು: ಮೇಸ್ತ್ರಿಯವರೇ, ನಮ್ಮದು ಪುಶ್ ಬಟನ್ ಕಾರು. ಎರಡನೇ ಸ್ಮಾರ್ಟ್ ಕೀಯನ್ನು ನೀರು ಹೋಗದ ಹಾಗೆ ಕವರಿನಲ್ಲಿ ಸುತ್ತಿ ಹಿಂದಿನ ಬಂಪರ್ ಒಳಗೆ ಕಟ್ಟಿದ್ದೇವೆ. ಮೊನ್ನೆ ನಮ್ಮ ಯಜಮಾನರು ತಮ್ಮ ಕೀ ಮನೆಯೊಳಗೇ ಮರೆತು ಬಂದು ಡಿಕ್ಕಿ ಗುಂಡಿ ಒತ್ತಿದರೆ ತೆರೆದೇಬಿಟ್ಟಿತು. ಅದೂ ಅಲ್ಲದೆ ಈಚೆಗೆ ಬೆಳಗ್ಗೆ ಸ್ಟಾರ್ಟ್ ಆಗೋಕೆ ಒದ್ದಾಡುತ್ತಿದೆ. ಎರಡಕ್ಕೂ ಸಂಬಂಧ ಇದೆಯಾ?

ಕೀ ಮೇಸ್ತ್ರಿ: ಮೇಡಂ, ಮೊದಲು ಹೋಗಿ ಆ ಕೀ ಬಿಚ್ಚಿ ತನ್ನಿ. ಆಮೇಲೆ ಇದನ್ನು ಓದಿ.

ಬಾಗಿಲಿನ ಹಿಡಿಯಲ್ಲಿ, ಡಿಕ್ಕಿ ಹತ್ತಿರ, ಕಾರಿನ ಒಳಗೆ ಸಣ್ಣ ಸಣ್ಣ ಆಂಟೆನಾ ಇರುತ್ತವೆ. ಗುಂಡಿ ಒತ್ತಿದ ಕೂಡಲೇ ಕಾರು ಸುಮಾರು 125 ಕಿಲೋಹರ್ಟ್ಸ್‌ ಅಲೆಯಲ್ಲಿ ಕೀಯನ್ನು ಕರೆಯುತ್ತದೆ. ಒಂದು, ಒಂದೂವರೆ ಮೀಟರ್ ಒಳಗೆ ಕೀ ಇದ್ದರೆ ಅದು 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಬಾಗಿಲು ತೆರೆಯಿತು. ಗುಂಡಿ ಒತ್ತಿದ್ದು ಯಜಮಾನರೋ ಕಳ್ಳನೋ ಅಂತ ಕಾರು ನೋಡುವುದಿಲ್ಲ. ಕೀ ಬಂಪರಿನಲ್ಲಿ ಕಟ್ಟಿದಾಗಿನಿಂದ ನಿಮ್ಮ ಡಿಕ್ಕಿಗೆ ಬೀಗವೇ ಇರಲಿಲ್ಲ.

ಎಂಜಿನ್ ಸ್ಟಾರ್ಟ್ ಆಗಲು ಕೀ ಒಳಗಿರಬೇಕು ಅನ್ನುವುದು ನಿಜ. ಆದರೆ ಒಳಗೆ, ಹೊರಗೆ ಅನ್ನುವ ಆ ಗಡಿ ಅಷ್ಟು ಖಚಿತ ಅಲ್ಲ. ಬಂಪರ್ ಹತ್ತಿರ ಇರುವ ಕೀಯನ್ನು ಕಾರು ಕೆಲವೊಮ್ಮೆ ಒಳಗಿದೆ ಅಂತಲೇ ಲೆಕ್ಕ ಹಾಕಬಹುದು. ನನಗೆ ಚಿಂತೆ ಇರುವುದು ಅದರದ್ದೇ.

ಬ್ಯಾಟರಿ ವಿಷಯ. ಕೆಲವು ಮಾಡೆಲ್‌ಗಳಲ್ಲಿ ಕೀ ಸದಾ ಪಕ್ಕದಲ್ಲೇ ಇದ್ದರೆ ಕಾರಿನ ಕಂಪ್ಯೂಟರ್ ಪೂರ್ತಿ ನಿದ್ದೆಗೆ ಹೋಗುವುದಿಲ್ಲ. 12 ವೋಲ್ಟ್ ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಖಾಲಿ ಆಗುತ್ತದೆ. ಕೀಯೊಳಗಿನ ಸೆಲ್ ಕೂಡ ಬೇಗ ಸಾಯುತ್ತದೆ. ಹಳೇ ಬ್ಯಾಟರಿಗೂ ಇದೇ ಲಕ್ಷಣ, ಆದ್ದರಿಂದ ಕೀ ತೆಗೆದು ಕೆಲವು ದಿನ ನೋಡಿ. ಸರಿಹೋಗದಿದ್ದರೆ ಬ್ಯಾಟರಿ ಚೆಕ್ ಮಾಡಿಸಿ.

ಈಗ ಏನು ಮಾಡಬೇಕು? ಸ್ಮಾರ್ಟ್ ಕೀ ಪಕ್ಕದಲ್ಲಿ ಸಣ್ಣ ಲಾಚ್ ಇರುತ್ತದೆ. ಅದನ್ನು ಒತ್ತಿ ಎಳೆದರೆ ಲೋಹದ ಕೀ ಹೊರಗೆ ಬರುತ್ತದೆ. ಅದರ ಕಾಪಿ ಮಾಡಿಸಿ, ಅದನ್ನು ಮಾತ್ರ ಹೊರಗೆ ಕಟ್ಟಿ. ಕೀ ತೂತು ಬಾಗಿಲಿನ ಹಿಡಿಯ ಕವರ್ ಕೆಳಗೆ ಅಡಗಿರಬಹುದು, ಬೆಳಕಿರುವಾಗಲೇ ಒಂದು ಸಲ ತೆಗೆದು ನೋಡಿ. ಹೀಗೆ ತೆಗೆದರೆ ಅಲಾರಂ ಕೂಗಬಹುದು, ಗಾಬರಿ ಬೇಡ.

ಗಾಡಿ ಓಡಿಸುವ ಕೀಯೇ ಹೊರಗೆ ಬೇಕು ಅಂದರೆ ಅದರ ಸೆಲ್ ತೆಗೆದು ಇಡಿ. ಸೆಲ್ ಇಲ್ಲದ ಕೀ ದೂರದಿಂದ ಉತ್ತರ ಕೊಡುವುದಿಲ್ಲ. ಸ್ಟಾರ್ಟ್ ಬಟನ್ನಿಗೆ, ಅಥವಾ ಮ್ಯಾನುಯಲ್‌ನಲ್ಲಿ ತೋರಿಸಿದ ಜಾಗಕ್ಕೆ ತಾಗಿಸಿ ಹಿಡಿದರೆ ಒಳಗಿನ ಚಿಪ್ ಕೆಲಸ ಮಾಡುತ್ತದೆ. ಆದರೆ ಸಿಕ್ಕಿದವನಿಗೂ ಕೆಲಸ ಮಾಡುತ್ತದೆ! ಹಾಗಾಗಿ ಅದು ಟೋಯಿಂಗ್ ಕೊಂಡಿಗೆ ಹಾಕಿದ ನಂಬರ್ ಲಾಕ್ ಇರುವ ಗಟ್ಟಿ ಡಬ್ಬಿಯಲ್ಲೇ ಇರಬೇಕು. ಬೇರೆ ಎಲ್ಲೂ ಬೇಡ.

ನೀಲಿ ಕಾರು: ಬಿಚ್ಚಿ ತಂದೆವು ಸರ್. ತುಂಬಾ ಥ್ಯಾಂಕ್ಸ್.

ಶುಭ ಮುಂಜಾನೆ: ಎಲ್ಲರ ಗಮನಕ್ಕೆ. ಸ್ಪೇರ್ ಕೀ ಬೇಡವೇ ಬೇಡ! ಮನೆಯವರಿಗೆ ಫೋನ್ ಮಾಡಿ, ಅವರು ರಿಮೋಟನ್ನು ಫೋನಿನ ಹತ್ತಿರ ಹಿಡಿದು ಒತ್ತಲಿ, ನೀವು ನಿಮ್ಮ ಫೋನನ್ನು ಕಾರಿನ ಬಾಗಿಲಿಗೆ ಹಿಡಿಯಿರಿ. ಲಾಕ್ ತೆರೆಯುತ್ತದೆ. ಎಲ್ಲರಿಗೂ ಕಳಿಸಿ.

ಕೀ ಮೇಸ್ತ್ರಿ: ಸುಳ್ಳು. ರಿಮೋಟ್ ಕಳಿಸುವುದು ರೇಡಿಯೋ ಅಲೆ. ಫೋನ್ ಕರೆ ಸಾಗಿಸುವುದು ಶಬ್ದ ಮಾತ್ರ. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ನಂಬಿದವರು ಬಿಸಿಲಲ್ಲಿ ಫೋನ್ ಹಿಡಿದು ನಿಂತಿರುತ್ತಾರೆ.

ಶುಭ ಮುಂಜಾನೆ: ಟೆನಿಸ್ ಚೆಂಡಿಗೆ ತೂತು ಮಾಡಿ ಲಾಕ್ ಮೇಲಿಟ್ಟು ಒತ್ತುವುದು? ವಿಡಿಯೋ ಇದೆ.

ಕೀ ಮೇಸ್ತ್ರಿ: ಅದೂ ಸುಳ್ಳು. ಆ ಗಾಳಿಗೆ ಲಾಕ್ ತೆರೆಯುವುದಿಲ್ಲ. ವಿಡಿಯೋ ಹಾಕಬೇಡಿ.

ಶುಭ ಮುಂಜಾನೆ: ಒಳ್ಳೆಯ ಉದ್ದೇಶಕ್ಕೆ ಹಾಕಿದ್ದು. ಇಷ್ಟು ಒರಟಾಗಿ ಹೇಳಬೇಕಿರಲಿಲ್ಲ.

ಕಾರ್ಡ್ ಕೀ: ನಮ್ಮ ಎಲೆಕ್ಟ್ರಿಕ್ ಕಾರಿಗೆ ಕಾರ್ಡ್ ಥರದ ಕೀ ಇದೆ. ನಂಬರ್ ಪ್ಲೇಟ್ ಹಿಂದೆ ಇಡಬಹುದಾ?

ಹೊಸ ಕಾರು: ಈ ಕಾಲದಲ್ಲಿ ಕೀ ಬಚ್ಚಿಡೋದು ಯಾಕೆ ಅಂತ. ಆ್ಯಪ್‌ನಲ್ಲಿ ಲಾಕ್ ತೆಗೆಯಬಹುದಲ್ಲ?

ಹಳೇ ಜೀಪು: ಫೋನೂ ಕಾರೊಳಗೇ ಲಾಕ್ ಆದರೆ? ಕಾಡಿನ ದಾರಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ? ನಾನು ಎಷ್ಟೋ ವರ್ಷದಿಂದ ಚಾಸಿಸ್‌ಗೆ ಕೀ ಕಟ್ಟಿಕೊಂಡೇ ಓಡಾಡುತ್ತಿದ್ದೇನೆ. ಏನೂ ಆಗಿಲ್ಲ.

ಹೊಸ ಕಾರು: ನಿಮಗೆ ಏನೂ ಆಗಿಲ್ಲ ಅಂದರೆ ಸರಿ ಅಂತ ಅರ್ಥ ಅಲ್ಲ. ಗಾಡಿ ಹೋದರೆ ಇನ್ಶೂರೆನ್ಸ್‌ನವರು ಒಂದು ಪೈಸೆ ಕೊಡಲ್ಲ.

ಹಳೇ ಜೀಪು: ಯಾರು ಹೇಳಿದ್ದು? ಸುಮ್ನೆ ಹೆದರಿಸಬೇಡಿ.

ಹೊಸ ಕಾರು: ಪಾಲಿಸಿ ಓದೋ ಅಭ್ಯಾಸ ಇದ್ದರೆ ಗೊತ್ತಾಗುತ್ತೆ.

ಹಳೇ ಜೀಪು: ಆ್ಯಪ್ ಬಿಟ್ಟು ಸ್ಪ್ಯಾನರ್ ಹಿಡಿದು ಗೊತ್ತಿದೆಯಾ ನಿಮಗೆ?

ಕೀ ಮೇಸ್ತ್ರಿ: ಇಬ್ಬರೂ ನಿಲ್ಲಿಸಿ. ಕೀ ಗಾಡಿಯಲ್ಲೇ ಇತ್ತು ಅಂತ ಗೊತ್ತಾದರೆ ಕಂಪನಿ ನಿರ್ಲಕ್ಷ್ಯ ಅನ್ನಬಹುದು. ಅವರವರ ಪಾಲಿಸಿ ಅವರವರು ಓದಿಕೊಳ್ಳಿ.

ಅಮ್ಮ ಮತ್ತು ಪುಟ್ಟಿ: ನನಗೆ ಎರಡು ವರ್ಷದ ಮಗು. ಅವಳು ಒಳಗೆ ಲಾಕ್ ಆಗಿಬಿಟ್ಟರೆ ಅನ್ನೋ ಭಯಕ್ಕೆ ಹೊರಗೆ ಕೀ ಇಡಬೇಕು ಅಂತಿದ್ದೇನೆ. ಯಾವ ಜಾಗ ಒಳ್ಳೇದು ಅಣ್ಣಾ?

ಕೀ ಮೇಸ್ತ್ರಿ: ತಂಗಿ, ಇಡು, ಆದರೆ ಅದನ್ನೇ ನಂಬಿಕೊಂಡು ಇರಬೇಡ. ನಿಲ್ಲಿಸಿದ ಕಾರು ಎಷ್ಟು ಬೇಗ ಕಾಯುತ್ತದೆ ಅಂತ ಅಳೆದು ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಗಿದೆ. ಬಿಸಿಲಲ್ಲಿ ಒಂದು ಗಂಟೆಗೆ ಒಳಗಿನ ಬಿಸಿ ಸುಮಾರು 22 ಡಿಗ್ರಿ ಏರಿತು. ಅದರಲ್ಲಿ 80 ಪರ್ಸೆಂಟ್ ಮೊದಲ ಅರ್ಧ ಗಂಟೆಯಲ್ಲೇ. ಗಾಜು ಸ್ವಲ್ಪ ಇಳಿಸಿದ್ದರೂ ಜಾಸ್ತಿ ವ್ಯತ್ಯಾಸ ಆಗಲಿಲ್ಲ. ಬಂಪರ್ ಕೆಳಗೆ ತಡಕಾಡುತ್ತಾ ನಿಲ್ಲುವ ಹೊತ್ತಲ್ಲ ಅದು. ಕೀ ತಕ್ಷಣ ಕೈಗೆ ಸಿಗದಿದ್ದರೆ ಗಾಜು ಒಡೆ. ಮಗುವಿನಿಂದ ದೂರದ ಬಾಗಿಲಿನ ಗಾಜು, ಮಧ್ಯದಲ್ಲಲ್ಲ, ಮೂಲೆಯಲ್ಲಿ, ಗಟ್ಟಿಯಾದ ಚೂಪು ವಸ್ತುವಿನಿಂದ. ಮುಂದಿನ ದೊಡ್ಡ ಗಾಜಿಗೆ ಕೈ ಹಾಕಬೇಡ, ಅದು ಪದರ ಪದರದ್ದು, ಸುಲಭಕ್ಕೆ ಬಿಡುವುದಿಲ್ಲ. ಜೊತೆಗಿರುವವರಿಗೆ ತುರ್ತು ಸೇವೆಗೆ ಫೋನ್ ಮಾಡಲು ಹೇಳು. ಆಡಲು ಅಂತ ಮಗು ಕೈಗೆ ರಿಮೋಟ್ ಕೊಡಲೇಬೇಡ, ಲಾಕ್ ಗುಂಡಿಯನ್ನು ಅವೇ ಒತ್ತಿಬಿಡುತ್ತವೆ. ಸೀಟಿಗೆ ಕೂರಿಸಿ ಬೆಲ್ಟ್ ಹಾಕುವಾಗ ಕೀ ನಿನ್ನ ಮೈ ಮೇಲೇ ಇರಲಿ, ಪಕ್ಕದ ಸೀಟಿಗೆ ಎಸೆಯಬೇಡ.

ಲಾಂಗ್ ಡ್ರೈವ್: ಹಾಗಾದರೆ ಚಕ್ರದ ಮೇಲೆ ಮ್ಯಾಗ್ನೆಟ್ ಡಬ್ಬಿ ಓಕೆನಾ ಸರ್?

ಕೀ ಮೇಸ್ತ್ರಿ: ಮೇಲೆ ಓದಿ.

ಮಳೆ ಹುಡುಗ: ಪೆಟ್ರೋಲ್ ಮುಚ್ಚಳದ ಒಳಗೆ?

ಕೀ ಮೇಸ್ತ್ರಿ: ಎಷ್ಟೋ ಕಾರುಗಳಲ್ಲಿ ಅದು ಬಾಗಿಲ ಜೊತೆಗೇ ಲಾಕ್ ಆಗುತ್ತದೆ. ಆಗಲ್ಲ ಅಂದರೆ ಕಳ್ಳನಿಗೂ ತೆರೆಯುತ್ತದೆ.

ಹಳೇ ಜೀಪು: ನನ್ನ ಹಾಗೆ ಚಾಸಿಸ್‌ಗೆ ಕಟ್ಟಿ. ಅದೇ ಬೆಸ್ಟ್.

ಹೊಸ ಕಾರು: ಇಡೀ ಗುಂಪಿಗೆ ಹೇಳಿಬಿಟ್ಟಿರಲ್ಲ ಎಲ್ಲಿದೆ ಅಂತ.

ಹಳೇ ಜೀಪು: ನಿಮ್ಮ ಹತ್ತಿರ ಮಾತಾಡಿಲ್ಲ ನಾನು.

ಅಡ್ಮಿನ್: ವೈಯಕ್ತಿಕ ಮಾತು ಬೇಡ. ಇನ್ನು ಮುಂದೆ ಡಿಲೀಟ್ ಮಾಡುತ್ತೇನೆ.

ಕೀ ಮೇಸ್ತ್ರಿ: ಹೊಸ ಕಾರಿನವರು ಹೇಳಿದ್ದರಲ್ಲಿ ಒಂದು ಸರಿ ಇದೆ. ಕೀ ಎಲ್ಲಿಟ್ಟಿದ್ದೀರಿ ಅಂತ ಇಲ್ಲಿ ಯಾರೂ ಬರೆಯಬೇಡಿ. ಬರೆದವರು ಇವತ್ತೇ ಜಾಗ ಬದಲಿಸಿ. ತಿರುಗುವ ಶಾಫ್ಟ್, ಬ್ರೇಕ್, ಸ್ಟೀರಿಂಗ್ ಭಾಗಗಳ ಹತ್ತಿರ ಏನನ್ನೂ ಕಟ್ಟಬೇಡಿ, ಬಿಚ್ಚಿಕೊಂಡರೆ ಪ್ರಾಣಕ್ಕೇ ಅಪಾಯ. ಹೊರಗಿಡುವ ಕೀ ಜೊತೆ ಮನೆ ಕೀ ಇಡಬೇಡಿ.

ಬೆಳಗಿನ ಓಟ: ಕಾರಿಗೆ ಉತ್ತರ ಕೊಡದ ಹಾಗೆ ಸ್ಮಾರ್ಟ್ ಕೀಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಸಾಲದಾ? ಅಣ್ಣನ ಕಾರಿಗೆ ಕೇಳ್ತಿದ್ದೀನಿ.

ಕೀ ಮೇಸ್ತ್ರಿ: ಬಿಗಿಯಾಗಿ ಎರಡು ಮೂರು ಸುತ್ತು ಸುತ್ತಿ ಕಾರಿನ ಪಕ್ಕವೇ ಹಿಡಿದು ಹಿಡಿಯ ಗುಂಡಿ ಒತ್ತಿ ನೋಡಿ. ತೆರೆದರೆ ಸಾಲದು. ತೆರೆಯದಿದ್ದರೂ ಅಲುಗಾಟಕ್ಕೆ ಫಾಯಿಲ್ ಹರಿಯುತ್ತದೆ. ಸೆಲ್ ತೆಗೆಯಿರಿ ಅಂತ ಆಗಲೇ ಬರೆದಿದ್ದೇನೆ.

ಮಳೆ ಹುಡುಗ: ಡೂಪ್ಲಿಕೇಟ್ ಮಾಡಿಸೋಕೆ ಎಷ್ಟಾಗುತ್ತೆ ಸರ್?

ಕಾರ್ಡ್ ಕೀ: ಸರ್, ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಕೀ ಮೇಸ್ತ್ರಿ: ಕೆಲಸಕ್ಕೆ ಕರೆ ಬಂದಿದೆ, ಹೊರಟೆ. ಕಾಪಿ ಮಾಡಿಸಿದವರು ಕಟ್ಟುವ ಮೊದಲು ಒಂದು ಸಲ ಬಾಗಿಲು ತೆಗೆದು ನೋಡಿ. ಸರಿಯಾಗಿ ಕತ್ತರಿಸದ ಕಾಪಿ ತೂತಿನೊಳಗೆ ಸಿಕ್ಕಿಕೊಂಡೇ ನನ್ನನ್ನು ಕರೆಯುವವರು ಬಹಳ ಜನ.